ಹಿತ್ತಲಿನ ಐದಡಿ ಜಾಗ

ನಮ್ಮ ಬಡಾವಣೆ ಇರುವುದು ಮದ್ದೂರಿನಿಂದ ವೈದ್ಯನಾಥಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ. ಮೊದಲು ಅದು ಗದ್ದೆ. ನಿವೇಶನ ಮಾಡಿ ಮಾರಿದವರು ಕ್ರಯಪತ್ರದಲ್ಲಿ ಒಂದು ಷರತ್ತು ಬರೆಸಿದ್ದರು: ಪ್ರತಿ ಮನೆಯವರೂ ಹಿತ್ತಲಲ್ಲಿ ಐದಡಿ ಖಾಲಿ ಬಿಡಬೇಕು, ಅಲ್ಲಿ ಏನನ್ನೂ ಕಟ್ಟಬಾರದು. ಗದ್ದೆಯ ನೀರು ಹರಿಯುತ್ತಿದ್ದ ದಾರಿ ಅದೇ. ಈಗಲೂ ಮಳೆ ಬಂದರೆ ನೀರು ಹಿತ್ತಲಿಂದ ಹಿತ್ತಲಿಗೆ ಇಳಿದು ಕೊನೆಯ ಮನೆ ದಾಟಿ ಹಳ್ಳ ಸೇರುತ್ತದೆ.

ಖಾತೆಯ ಕೆಲಸಕ್ಕೆಂದು ಪತ್ರ ತೆಗೆದಾಗ ಆ ಷರತ್ತಿನ ಕೆಳಗೆ ಇನ್ನೊಂದು ಸಾಲು ಕಂಡಿತು: ಅವಧಿ ಮೂವತ್ತು ವರ್ಷ. ಅದು ಮುಗಿದುಹೋಗಿತ್ತು. ನಾನು ಬಡಾವಣೆಯ ಸಂಘದ ಕಾರ್ಯದರ್ಶಿ. ಮುಚ್ಚಿಡುವುದು ಸರಿಯಲ್ಲವೆಂದು ಭಾನುವಾರದ ಸಭೆಯಲ್ಲಿ ಅದನ್ನು ಓದಿ ಹೇಳಿದೆ.

ಸಂಘದ ಅಧ್ಯಕ್ಷರು ಮೊದಲನೇ ಮನೆಯ ಹಿರಿಯರು, ಬೇಸಾಯದವರು. "ಕಾಗ್ದ ಓಯ್ತು ಅಂತ ನೀರು ದಾರಿ ಬದ್ಲಾಯಿಸ್ತದಾ? ಇನ್ಮೇಲೆ ನಮ್ಮಿಷ್ಟದಿಂದ ಬುಡಾನ. ಒಪ್ಪೋರು ಎಲೆ ತಕ್ಕಳಿ" ಎಂದರು. ನಮ್ಮಲ್ಲಿ ಕೈ ಎತ್ತುವ ರೂಢಿಯಿಲ್ಲ. ಎಲೆ ಅಡಿಕೆಯ ತಟ್ಟೆ ಬರುತ್ತದೆ. ತೆಗೆದುಕೊಂಡವರು ಒಪ್ಪಿದ ಹಾಗೆ.

ಕೊನೆಯ ಮನೆಯವರು ಹಲಗೂರು ಕಡೆಯ ಬೆಲ್ಲದ ವ್ಯಾಪಾರಿ. ನನ್ನ ಪಕ್ಕದಲ್ಲೇ ಕುಳಿತಿದ್ದರು. ತಟ್ಟೆ ಬಂದಾಗ ಎರಡೂ ಕೈಯಲ್ಲಿ ಹಿಡಿದು, ಏನನ್ನೂ ತೆಗೆದುಕೊಳ್ಳದೆ, ಮುಂದಿನವರಿಗೆ ಕೊಟ್ಟರು. ಅಷ್ಟೇ. ಉಳಿದವರು ಬೀದಿ ದೀಪದ ಮಾತಿನಲ್ಲಿದ್ದರು. ನೋಡಿದವನು ನಾನೊಬ್ಬನೇ. ಆದರೂ ಸಭೆಯ ಪುಸ್ತಕದಲ್ಲಿ "ಎಲ್ಲರೂ ಒಪ್ಪಿದರು" ಎಂದು ಬರೆದೆ. ಎಷ್ಟೋ ವರ್ಷಗಳಿಂದ ಅದನ್ನೇ ಬರೆದ ಕೈ ಅದು. ಆದರೆ ತಪ್ಪನ್ನು ಕೈಯ ಮೇಲೆ ಹಾಕುವುದೂ ಪ್ರಾಮಾಣಿಕವಲ್ಲ. ಯಾಕೆಂದು ಕೇಳಿದರೆ ಮಾತು ಬೆಳೆಯುತ್ತದೆ, ಊಟದ ಹೊತ್ತು ಮೀರುತ್ತದೆ ಎಂದು ಸುಮ್ಮನಾದೆ.

ತಿಂಗಳೊಳಗೆ ಅವರ ಹಿತ್ತಲಲ್ಲಿ ಪಾಯ ಎದ್ದಿತು. ನೀರು ಬರುವ ಕಡೆಗೆ ಅವರ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸು ಇದ್ದಾರೆ. ಆ ಮನೆಯ ನೆಲ ತಗ್ಗು, ಕೊನೆಯ ಹಿತ್ತಲು ಮುಚ್ಚಿದರೆ ನೀರು ನಿಲ್ಲುವುದು ಅವರ ಮನೆಯಲ್ಲೇ. ಅವರು ನನ್ನ ಬಾಗಿಲಿಗೆ ಬಂದು, "ಪುಸ್ತಕ ತಗೊಂಡ್ ಬನ್ನಿ ಸಾರ್" ಎಂದರು. ಅಧ್ಯಕ್ಷರನ್ನೂ ಕರೆದುಕೊಂಡು ಹೋದೆವು.

"ಯಾಕ್ಲಾ, ಅವತ್ತು ಒಪ್ಕಂಡು ಇವತ್ತು ಗೋಡೆ ಎಬ್ಬುಸ್ತಿದ್ದೀಯಲ್ಲ?" ಎಂದರು ಅಧ್ಯಕ್ಷರು.

"ಯಾರಣ್ಣ ಒಪ್ಕಂಡಿದ್ದು? ನಾನು ಎಲೆ ಮುಟ್ನೇ ಇಲ್ಲ. ಸಾರ್ ಪಕ್ದಲ್ಲೇ ಇದ್ರು, ಕೇಳು."

"ಮುಟ್ನಿಲ್ವಾ? ಎಲೆ ಅಗಿಯಾಕೆ ಅಲ್ಲು ನೋವಿತ್ತೇನ್ಲಾ?"

"ಅಲ್ಲು ಗಟ್ಟಿಯಾಗೇ ಅವೆ ಕಣಣ್ಣ. ಅವ್ವಂಗೆ ಸೊಂಟ ಮುರ್ದದೆ. ಬಚ್ಚಲಿಗೆ ಮೆಟ್ಲು ಇಳಿಯಾಕಾಗಲ್ಲ. ಅವಳ ಕ್ವಾಣೆಗೆ ಸೇರ್ದಂಗೆ ಒಂದು ಕಟ್ಟಬೇಕು. ಅಷ್ಟು ಜನದ ಮುಂದೆ ಇದ್ನ ಏಳಾಕೆ ನಾಚ್ಕೆ ಆಯ್ತು. ಎಲೆ ಬುಟ್ಟೆ."

"ನಿಮ್ಮವ್ವಂಗೆ ಬಚ್ಚಲು, ನಂಗೆ ಕೆರೆ" ಎಂದರು ಹೊಲಿಗೆಯವರು. "ನನ್ ಮನೇಲಿರೋದು ಊರೋರ ಬಟ್ಟೆ ಕಣಣ್ಣ. ನೆಂದ್ರೆ ಯಾರ್ ಮುಂದೆ ನಿಂತ್ಕಳ್ಲಿ?"

ಮೂವರೂ ನನ್ನ ಕಡೆ ತಿರುಗಿದರು. ಪುಸ್ತಕ ನನ್ನ ಕೈಯಲ್ಲೇ ಇತ್ತು. "ಅವರು ಮುಟ್ಟಲಿಲ್ಲ. ನಾನು ನೋಡಿದ್ದೆ. ಬರೆದದ್ದು ತಪ್ಪು" ಎಂದೆ.

"ನೋಡ್ಬುಟ್ಟೂ ಅಂಗೆ ಬರುದ್ರಾ?" ಎಂದರು ಅಧ್ಯಕ್ಷರು. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ವ್ಯಾಪಾರಿ ಪಾಯದ ಕಲ್ಲಿನ ಮೇಲೆ ಕುಳಿತರು. "ಅವತ್ತೇ ಯಾರಾದ್ರೂ ಒಂದ್ ಮಾತು ಕೇಳಿದ್ರೆ ಬೀದಿ ಕಡೆ ಕ್ವಾಣೆಗೇ ಅವ್ವನ್ನ ತಂದು ಬಚ್ಚಲ ಅಲ್ಲೇ ಕಟ್ತಿದ್ದೆ. ಈಗ ಕಲ್ಲು ಕೂರ್ಸಿ ಆಗೋಯ್ತು. ಪಾಯದಡಿ ಪೈಪು ಆಕ್ತೀನಿ ಬುಡಿ."

ಕಾಗದದ ಬಲ ಹೋದ ಮೇಲೆ ಸಂಘಕ್ಕೆ ಕೇಳಿಕೊಳ್ಳುವುದೊಂದೇ ಉಳಿದಿರುವುದು. ನಾನು ಕೇಳಬೇಕಾದ ದಿನ ಕೇಳಿರಲಿಲ್ಲ.

ಮೊದಲ ದೊಡ್ಡ ಮಳೆಗೇ ಪೈಪಿನ ಬಾಯಿಗೆ ತೆಂಗಿನ ಸೋಗೆ, ಕವರು ಎಲ್ಲ ಸಿಕ್ಕಿಕೊಂಡವು. ನಾನು ಈಚೆಯಿಂದ ಬಿದಿರಿನ ಗಳ ಹಾಕಿ ಕೆದಕಿದೆ. ವ್ಯಾಪಾರಿ ಆಚೆಯಿಂದ ಎಳೆದರು. ನೀರು ಇಳಿಯುವಷ್ಟರಲ್ಲಿ ಹೊಲಿಗೆ ಮಿಷಿನ್ನಿನ ಕೋಣೆಗೆ ನಾಲ್ಕು ಬೆರಳು ನುಗ್ಗಿತ್ತು. ಬಟ್ಟೆಯ ಗಂಟುಗಳನ್ನು ಹೊಲಿಗೆಯವರು ಮೊದಲೇ ಮಂಚದ ಮೇಲೆ ಎತ್ತಿಟ್ಟಿದ್ದರು. ನೆಲ ಬಳಿಯುತ್ತಿದ್ದವರು ನನ್ನತ್ತ ನೋಡಲಿಲ್ಲ. ನಾನು ಗಳ ಹಿಡಿದುಕೊಂಡೇ ಮನೆಗೆ ಬಂದೆ. ಈಗ ಮೋಡ ಕಟ್ಟಿದರೆ ಅದನ್ನು ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಯಾರೂ ಹೇಳಿದ್ದಲ್ಲ. ಮೊಣಕಾಲು ನೋಯುತ್ತದೆ.

ಮುಂದಿನ ಸಭೆಯಲ್ಲಿ, ಉಳಿದ ಹಿತ್ತಲುಗಳನ್ನಾದರೂ ಖಾಲಿ ಬಿಡೋಣ ಎಂದು ಮತ್ತೆ ತಟ್ಟೆ ಬಂತು. ವ್ಯಾಪಾರಿ ಎಲೆ ತೆಗೆದುಕೊಂಡರು. ಹೊಲಿಗೆಯವರು ಮುಟ್ಟದೆ ಮುಂದಕ್ಕೆ ಕೊಟ್ಟರು. ನಾನು ಪೆನ್ನು ಕೆಳಗಿಟ್ಟೆ.

"ಯಾಕಮ್ಮ?" ಎಂದು ಕೇಳಿದೆ.

"ಒಂದ್ ಮಳೆ ಮನೆ ಒಳೀಕೆ ನೀರು ಬರ್ದಂಗೆ ಓಗ್ಲಿ ಸಾರ್, ಆಮೇಲೆ ತಕ್ಕತೀನಿ."

ಪುಸ್ತಕದಲ್ಲಿ ಅದನ್ನು ಅವರು ಹೇಳಿದ ಹಾಗೆಯೇ ಬರೆದೆ.