ಪಕ್ಕೆಲುಬಿಗೆ ಕಟ್ಟು, ಕೆಮ್ಮಿಗೆ ಬೀಗ

ಕಡಬದ ಹನುಮಂತರಾಜು ಕೆಮ್ಮಿದರೆ ಊರ ಜನ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು, ಬಿದರೆಹಳ್ಳ ಕಾವಲಿನ ಕಾರ್ಖಾನೆಯ ಹೆಲಿಕಾಪ್ಟರೇ ಬಂತೇನೋ ಎಂದು. ಹುಟ್ಟಿನಿಂದಲೇ ಬಂದ ಕಾಯಿಲೆ. ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಎದೆಯಲ್ಲಿ ಕಫ ಹಲಸಿನ ಮೇಣದಂತೆ ಅಂಟಿ ಕೂರುತ್ತದೆ, ಕೆಮ್ಮಿ ತೆಗೆಯದಿದ್ದರೆ ಸೋಂಕು. ಅಷ್ಟುದ್ದ ನಾಲಿಗೆ ಹೊರಳದ ಊರವರು ಅದನ್ನು ‘ಸಿಸ್ಟರ್ ಕಾಯಿಲೆ’ ಮಾಡಿಕೊಂಡಿದ್ದರು. ಅವನಿಗೆ ಅಕ್ಕತಂಗಿಯರೇ ಇಲ್ಲ.

ಮನೆಯ ದೊಡ್ಡ ಡಾಕ್ಟರು ತಾಯಿ ಚಿಕ್ಕಗಂಗಮ್ಮ. ಹಾಲು ಕಫ, ಮೊಸರು ಶೀತ ಎಂದು ತೀರ್ಪು ಕೊಟ್ಟು, ಎರಡು ಸೀಮೆಹಸು ಕಟ್ಟಿದ ಮನೆಯಲ್ಲಿ ಮಗನನ್ನು ಮೂವತ್ತು ವರ್ಷ ತಿಳಿಸಾರಿನಲ್ಲೇ ಸಾಕಿದ್ದಳು. ಹಾಲೆಲ್ಲ ಡೇರಿಯವರ ಭಾಗ್ಯ.

ಈ ಮಳೆಗಾಲದಲ್ಲಿ ಸೋಂಕು ಜೋರಾಯಿತು. ಗುಬ್ಬಿಯ ತನ್ನ ಅಂಗಡಿಯಲ್ಲಿ ಯಾರದೋ ಪಹಣಿ ಜೆರಾಕ್ಸ್ ಮಾಡುತ್ತ ರಾಜು ಕೆಮ್ಮಿದಾಗ ಪಕ್ಕೆಯಲ್ಲಿ ಒಣಕಡ್ಡಿ ಮುರಿದ ಸದ್ದಾಯಿತು. ಕೆಮ್ಮಿ ಮೂಳೆ ಮುರಿದುಕೊಂಡವನನ್ನು ಕಣ್ಣಾರೆ ಕಂಡ ಗಿರಾಕಿ, ಇನ್ನೊಂದು ಕಾಪಿ ಕೇಳಿದ.

ಚಿಕ್ಕಗಂಗಮ್ಮ ಗೂಳೂರಿನಿಂದ ಮೂಳೆ ಕಟ್ಟುವ ಮುದ್ದಯ್ಯನನ್ನು ಕರೆಸಿದಳು. ಅವನು ಮೊಟ್ಟೆಯ ಬಿಳಿ ಬಳಿದು, ಎತ್ತಿನ ಕಾಲಿಗೆ ಬಿಗಿಯುವಂತೆ ಎದೆಗೆ ಬಟ್ಟೆ ಬಿಗಿದ. ಕೆಮ್ಮು ನಿಂತೇಹೋಯಿತು. ಕಾಯಿಲೆ ವಾಸಿ ಎಂದು ತಾಯಿ ಬೀದಿಗೆಲ್ಲ ಸಾರಿದಳು. ನಾಲ್ಕನೇ ದಿನ ರಾಜುವಿಗೆ ಕೆಂಡದಂಥ ಜ್ವರ, ತುಟಿ ನೇರಳೆಹಣ್ಣು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಆ ಕಟ್ಟು ಕತ್ತರಿಸಿದರು. ಆಮೇಲೆ ಮೂಳೆಯ ಸ್ಕ್ಯಾನ್ ನೋಡಿ, ಇದು ಎಪ್ಪತ್ತರ ಮುದುಕನ ಮೂಳೆ ಎಂದರು. ಎದೆಯ ಸೋಂಕು ಕೆರಳಿದಾಗಲೆಲ್ಲ ಅದರ ಉರಿ ರಕ್ತದಲ್ಲಿ ಹರಡಿ, ಮೂಳೆ ಬೆಳೆಯುವುದಕ್ಕಿಂತ ಬೇಗ ಸವೆಯುತ್ತದಂತೆ. ಮೂಳೆ ಮುರಿದರೆ ನೋವಿಗೆ ಕೆಮ್ಮಲಾಗದು, ಕೆಮ್ಮದಿದ್ದರೆ ಮತ್ತೆ ಸೋಂಕು.

“ಸೋಂಕು ಎದೇದು, ಸುಂಕ ಕಟ್ತಿರೋದು ಮೂಳೆ. ಹಾಲು ಮೊಸರು ಕೊಡ್ತಿದೀರಾ?”

“ಒಂದು ತೊಟ್ಟೂ ಇಲ್ಲ ಕಣವ್ವ,” ಎಂದಳು ಚಿಕ್ಕಗಂಗಮ್ಮ, ಬಹುಮಾನ ಬರುತ್ತದೆಂಬ ನಂಬಿಕೆಯಲ್ಲಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಎರಡು ವಾರ ಸೂಜಿ ಚುಚ್ಚಿಸಿಕೊಂಡು ರಾಜು ಮನೆಗೆ ಬಂದ. ಕೆಮ್ಮಲು ಈಗ ಅವನಿಗೇ ಭಯ. ಉಸಿರನ್ನೂ ಸಾಲ ತಂದವನಂತೆ ಬಿಡುತ್ತಿದ್ದ. ತಾಯಿ ಅವನು ಕುಡಿದು ಮುಗಿಸಿದ ಹಾಲಿನ ಲೋಟ ಪಕ್ಕಕ್ಕಿಟ್ಟು, ಡಾಕ್ಟರಮ್ಮ ಹೇಳಿಕೊಟ್ಟಂತೆ ಮಗನ ಪಕ್ಕೆಗೆ ದಿಂಬು ಒತ್ತಿಹಿಡಿದಳು.

“ಕೆಮ್ಮು ಕಣ್ಲಾ.”

“ಮುರಿದ್ರೆ?”

“ನಾನ್ ಹಿಡ್ಕಂಡಿವ್ನಿ. ಕೆಮ್ಮು.”

ಕೆಮ್ಮಿದ. ಕಣ್ಣಲ್ಲಿ ನೀರು ಬಂತು, ಕಫ ಬಂತು, ಪಕ್ಕೆ ಮಾತ್ರ ತಡೆದುಕೊಂಡಿತು. ಎದುರುಮನೆಯ ಓಬಳಯ್ಯ ಹೊರಗೆ ಬಂದು ಆಕಾಶ ನೋಡಿದ.