ಗದ್ದಲದ ಬ್ಯಾಂಡಿಗೆ ಬಾಗೂರಿನ ಕಾಗದ

ಬಾಲ್ಯದ ಗೆಳೆಯನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಅದೂ ಒಂದು ಕ್ಯಾಸೆಟ್ಟಿನ ವಿಷಯಕ್ಕೆ!

ತೊಂಬತ್ತರ ದಶಕದಲ್ಲಿ ನಾನು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹಾಸನದ ಹಳೇ ಕ್ಯಾಸೆಟ್ ಅಂಗಡಿಯಲ್ಲಿ ಎಂಬತ್ತರ ದಶಕದ ಒಂದು ವಿದೇಶಿ ಬ್ಯಾಂಡಿನ ಕ್ಯಾಸೆಟ್ ಸಿಕ್ಕಿತು. ಆ ಮೂವರು ಗಿಟಾರನ್ನು ನುಡಿಸುತ್ತಿದ್ದರೋ ಗರಗಸದಿಂದ ಕೊಯ್ಯುತ್ತಿದ್ದರೋ ಹೇಳುವುದು ಕಷ್ಟ. ಅವರ ದೇಶದಲ್ಲೇ ಅವರನ್ನು ಯಾರೂ ಮೂಸಿ ನೋಡಿರಲಿಲ್ಲವಂತೆ. ನನಗೆ ಹೆಮ್ಮೆ ಅದೇ. ಇಡೀ ಜಿಲ್ಲೆಗೆ ಅವರ ಅಭಿಮಾನಿ ನಾನೊಬ್ಬನೇ! ಇದು ನವರಸಗಳಲ್ಲಿ ಯಾವುದೆಂದು ನಮ್ಮ ಸಂಸ್ಕೃತದ ಮೇಷ್ಟ್ರು ಕೇಳಿದಾಗ 'ರೌದ್ರ' ಎಂದೆ. ಅವರು ಕಿವಿ ಮುಚ್ಚಿಕೊಂಡು 'ಬೀಭತ್ಸ' ಎಂದರು.

ಕ್ಯಾಸೆಟ್ಟಿನ ಮೇಲೆ ಅವರ ವಿಳಾಸವಿತ್ತು. ಕಾಗದ ಬರೆಯಲು ಆರು ವರ್ಷ ಹವಣಿಸಿದೆ. ವ್ಯಾಕರಣ ತಿದ್ದಿ ತಿದ್ದಿ, ಒಂದನ್ನೂ ಅಂಚೆಗೆ ಹಾಕಲಿಲ್ಲ.

ಆಮೇಲೊಮ್ಮೆ, ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬಾಗೂರಿನ ತಿಮ್ಮೇಗೌಡ ಆ ಕ್ಯಾಸೆಟ್ ಒಯ್ದ. ಪಂಪ್‌ಸೆಟ್ ಮೋಟಾರು ರಿಪೇರಿ ಅವನ ಕಸುಬು. ಮೂರು ತಿಂಗಳ ನಂತರ ವಿದೇಶಿ ಲಕೋಟೆಯೊಂದನ್ನು ಹಿಡಿದು ಬಂದ.

"ಇಂಗ್ಲೀಷ್ನಲ್ಲೈತೆ. ಓದಿ ಹೇಳ್ಲಾ."

ಬ್ಯಾಂಡಿನ ಡ್ರಮ್ಮರ್ ಬರೆದಿದ್ದ! ನಾನು ಕೇಳಿದೆ: "ಅವರಿಗೆ ಯಾವ ಭಾಷೇಲಿ ಬರೆದೆಯೋ?"

"ಕನ್ನಡದಲ್ಲೇ ಕಣ್ಲಾ. ನಂಗಿನ್ಯಾವ್ದು ಬತ್ತದೆ? ಅಡ್ರೆಸ್ಸು ಮಾತ್ರ ಪೋಸ್ಟ್ ಮಾಸ್ಟ್ರು ಇಂಗ್ಲೀಷ್ನಲ್ಲಿ ಬರ್ದ್ಕೊಟ್ರು. ನಿಮ್ ಮ್ಯೂಜಿಕ್ಕು ಸಂದಾಗೈತೆ, ಇನ್ನೂ ಇದ್ರೆ ಕಳ್ಸಿ ಅಂದೆ."

'ನಿನ್ನ ಕಾಗದ ಓದಲಾಗಲಿಲ್ಲ, ಆದರೆ ಗೋಡೆಗೆ ಅಂಟಿಸಿಕೊಂಡಿದ್ದೇನೆ' ಎಂದು ಬರೆದಿದ್ದ ಆ ಪುಣ್ಯಾತ್ಮ. ಬ್ಯಾಂಡ್ ಒಡೆದು ವರ್ಷಗಳಾಗಿದ್ದವಂತೆ. ಕೊನೆಯಲ್ಲಿ ಒಂದು ಸಾಲು: 'ಹೊರಗೆ ಬಾರದ ಕ್ಯಾಸೆಟ್ ಒಂದಿದೆ. ಬೇಕಿದ್ದರೆ ತಿಳಿಸು.'

ಆ ಸಾಲನ್ನು ಮಾತ್ರ ನಾನು ಓದಿ ಹೇಳಲಿಲ್ಲ.

ನಾಲ್ಕು ದಿನ ಊಟ ರುಚಿಸಲಿಲ್ಲ. ಐದನೆಯ ದಿನ ಬಸ್ಸು ಹತ್ತಿ ಬಾಗೂರಿಗೆ ಹೋಗಿ ತಪ್ಪೊಪ್ಪಿಕೊಂಡೆ. ತಿಮ್ಮೇಗೌಡ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದ.

"ಅಷ್ಟೊಂದು ಒಟ್ಟೆ ಉರೀತಾ?"

"ಉರೀತು."

"ಅಂಗಾದ್ರೆ ಕೂತ್ಕೊ. ಈಗ್ಲೇ ಬರಿ. ಇಬ್ರ ಎಸ್ರೂ ಆಕು."

ಬರೆದೆ. ತಿದ್ದಲು ಅವನು ಬಿಡಲಿಲ್ಲ, ಕಿತ್ತುಕೊಂಡು ಲಕೋಟೆಗೆ ತುರುಕಿದ.

ಕ್ಯಾಸೆಟ್ ಬಂತು. ಒಂದು ಭಾನುವಾರ ನಮ್ಮ ಮನೆಯಲ್ಲಿ ಇಬ್ಬರೂ ಕೂತು ಕೇಳಿದೆವು. ಅದೇ ಆರ್ಭಟ. ನಾನು ತಾಳ ಹಾಕುತ್ತಾ ತಲೆದೂಗುತ್ತಿದ್ದೆ. ತಿಮ್ಮೇಗೌಡ ಅಲುಗಾಡದೆ ಕೂತಿದ್ದವನು ಮೆಲ್ಲಗೆ ಹೇಳಿದ:

"ಗಿಟಾರ್ನವ್ನು ಅಳ್ತಾವ್ನೆ ಕಣ್ಲಾ."

ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಹೌದು, ಅಳುತ್ತಿದ್ದ.

ಅವನ ಆ ಕಿವಿಯ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ಆದರೆ ಅವನು ಪಕ್ಕದಲ್ಲಿಲ್ಲದಿದ್ದರೆ ಯಾವ ಹಾಡೂ ನನಗೆ ಪೂರ್ತಿ ಕೇಳಿಸುವುದೇ ಇಲ್ಲ.