ನಿಂತರೆ ಕುದಿಯುವ ಜೀಪು

ಮೊನ್ನೆ ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಒಂದು ಹಳೆಯ ಜೀಪು ಬಾನೆಟ್ ಎತ್ತಿಕೊಂಡು ನಿಂತಿತ್ತು. ಅದು ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬಡಿದಿತ್ತು. ಕಾದ ರಬ್ಬರು, ತುಕ್ಕು ನೀರಿನ ಆವಿ, ಜೊತೆಗೆ ಒಂದಿಷ್ಟು ಸುಟ್ಟ ಆಯಿಲ್ಲು. ನಿಮಗೆ ಈ ವಾಸನೆಯ ಪರಿಚಯವಿಲ್ಲದಿದ್ದರೆ ನೀವು ಪುಣ್ಯವಂತರು. ನಾನು ಬೆಳೆದದ್ದೇ ಅದರೊಳಗೆ.

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು, ಹೋಗಿ ಗುಂಪಿನಲ್ಲಿ ನಿಂತೆ. ಮಂಡಿಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಸುಮ್ಮನೆ ನಿಂತವರು ಎಲ್ಲರೂ ಅಲ್ಲಿದ್ದರು. "ಹೆಡ್ ಗ್ಯಾಸ್ಕೆಟ್ ಹೋಯ್ತು ಕಣ್ರೀ" ಎಂದರು ಒಬ್ಬರು. ಇನ್ನೊಬ್ಬರು ವಾಟರ್ ಪಂಪ್ ಎಂದರು. ಮೂರನೆಯವರು ಎಲ್ಲ ಬಿಟ್ಟು "ಗಾಡಿಗೆ ವಯಸ್ಸಾಯ್ತು ಬಿಡಿ" ಎಂದು ತೀರ್ಪು ಕೊಟ್ಟರು. ನಮ್ಮ ಮನೆಯವರೂ ವರ್ಷಗಟ್ಟಲೆ ನಂಬಿದ್ದು ಈ ಮೂರನೆಯ ತೀರ್ಪನ್ನೇ.

ನಮ್ಮೂರು ಎಮ್ಮೆದೊಡ್ಡಿ ಕಾವಲಿನ, ಅಂದರೆ ದನ ಮೇಯುವ ಸರ್ಕಾರಿ ಹುಲ್ಲುಗಾವಲಿನ, ಅಂಚಿನಲ್ಲಿದೆ. ತೆಂಗಿನ ತೋಟ, ಒಂದಷ್ಟು ಬೆದ್ದಲು ಹೊಲ, ಜೊತೆಗೆ ಅಪ್ಪನ ಡೀಸೆಲ್ ಜೀಪು. ಕಾಯಿ ಸಾಗಿಸಲು, ಮದುವೆಗೆ ಜನ ತುಂಬಲು, ಹಸು ಈಯಲು ಕಷ್ಟಪಡುತ್ತಿದ್ದರೆ ಡಾಕ್ಟರನ್ನು ಕರೆತರಲು, ಎಲ್ಲಕ್ಕೂ ಅದೇ. ಆದರೆ ಹೊರಟಾಗಲೆಲ್ಲ ಅದು ಕುದಿಯುತ್ತಿತ್ತು. ಅಮ್ಮ ನಮಗೆ ಬುತ್ತಿ ಕಟ್ಟುವಾಗ ಜೀಪಿಗೂ ಒಂದು ಕ್ಯಾನ್ ನೀರು ತುಂಬಿಸುತ್ತಿದ್ದಳು. ದಾರಿಯಲ್ಲಿ ಯಾವ ಮನೆಯ ತೊಟ್ಟಿಯಲ್ಲಿ ನೀರಿರುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಬೀರೂರಿನ ಕಡೆ ನಮ್ಮನ್ನು ನೀರಿನ ಜೀಪಿನವರು ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದ ನನಗೆ ಆ ಹೆಸರು ಕೇಳಿದರೆ ಭೂಮಿ ಬಾಯ್ತೆರೆಯಬಾರದೇ ಅನ್ನಿಸುತ್ತಿತ್ತು.

ನನ್ನ ಅಕ್ಕ ಗಿರಿಜೆಗೆ ಹಾಗೇನೂ ಅನ್ನಿಸುತ್ತಿರಲಿಲ್ಲ. ಅವಳು ಪಿಯುಸಿ ಮುಗಿಸಿ, ಹಟ ಹಿಡಿದು ಆ ಜೀಪಿನಲ್ಲೇ ಡ್ರೈವಿಂಗ್ ಕಲಿತಿದ್ದಳು; ಮೆಕ್ಯಾನಿಕ್ಕು ಬಂದಾಗಲೆಲ್ಲ ಪಕ್ಕದಲ್ಲಿ ನಿಂತು ಇಂಜಿನ್ನಿನ ಒಳಹೊರಗನ್ನೂ ತಿಳಿದುಕೊಂಡಿದ್ದಳು. ಆಗ ಕಾವಲಿನ ಸುತ್ತಲ ಹಳ್ಳಿಗಳ ಹಾಲನ್ನು ಪೇಟೆಯ ಡೈರಿಗೆ ಮುಟ್ಟಿಸಲು ಗಾಡಿ ಬೇಕೆಂದು ಕೇಳುತ್ತಿದ್ದರು. ಅಕ್ಕ ಯಾರಿಗೂ ಹೇಳದೆ ಹೋಗಿ ಒಪ್ಪಿಕೊಂಡು ಬಂದಳು. ಅವತ್ತು ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೀರು ಕುಡಿಯೋ ಗಾಡೀಲಿ ಹಾಲು ಸಾಗಿಸ್ತೀಯೇನವ್ವಾ? ದಾರೀಲಿ ಕೆಟ್ಟು ನಿಂತ್ರೆ ಅಷ್ಟೂ ಮನೆ ಹಾಲು ಒಡೆದು ಹೋಗ್ತದೆ. ಆಮೇಲೆ ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಹೆಂಗೆ?"

"ಕೆಡದಂಗೆ ಮಾಡಿದ್ರೆ ಕೊಡ್ತೀರಾ?" ಎಂದಳು ಅಕ್ಕ.

"ಬೀರೂರಿಂದ ಮೆಕ್ಯಾನಿಕ್ಕು ಬಂದು ರೇಡಿಯೇಟರ್ರೇ ಬದಲಾಯಿಸಿದ್ರೂ ಆಗ್ಲಿಲ್ಲ. ನಿನ್ನ ಕೈಲಿ ಆದ್ರೆ ತಗೋ."

ಅಪ್ಪ ಸಿಟ್ಟಿನ ಮನುಷ್ಯರಲ್ಲ. ಆದರೆ ಅವರು ಒಮ್ಮೆ ಹೇಳಿದ್ದು ಮುಗಿದಂತೆ. ಜೀಪು ಸರಿಯಾಗದಿದ್ದರೆ ಅಕ್ಕನ ಹಾಲಿನ ಕೆಲಸವೂ ಅಲ್ಲಿಗೆ ಮುಗಿಯಿತು ಎಂದು ನಮಗೆಲ್ಲ ಗೊತ್ತಿತ್ತು.

ಅಕ್ಕ ಸ್ಪ್ಯಾನರ್ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಏನನ್ನೂ ಬಿಚ್ಚಲಿಲ್ಲ. ಅಜ್ಜಂಪುರಕ್ಕೆ ಹೋಗಿಬರೋಣ ಬಾ ಎಂದಳು. ಹೋದೆವು. ನನಗೆ ಕೊಟ್ಟ ಕೆಲಸ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತಿರುವುದು. ಯಂತ್ರದ ವಿಷಯದಲ್ಲಿ ನನ್ನ ಯೋಗ್ಯತೆಗೆ ಅದೇ ಹೆಚ್ಚು. ಡಾಂಬರು ರಸ್ತೆಯಲ್ಲಿ ಜೋರಾಗಿ ಓಡುವಷ್ಟು ಹೊತ್ತೂ ಮುಳ್ಳು ನಡುವೆ ತೆಪ್ಪಗೆ ಕೂತಿತ್ತು. ವಾಪಸು ಬಂದು ಕಾವಲಿನ ಗಾಡಿಜಾಡಿನಲ್ಲಿ ಫಸ್ಟ್ ಗೇರಿನಲ್ಲಿ ತೆವಳಿದ್ದೇ ತಡ, ಮೇಲೇರತೊಡಗಿತು. ಗಾಡಿ ಖಾಲಿ ಇತ್ತು, ಆದ್ದರಿಂದ ಹೇರಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಮನೆಯಂಗಳದಲ್ಲಿ ಇಂಜಿನ್ ಚಾಲೂ ಇಟ್ಟು ಸುಮ್ಮನೆ ನಿಲ್ಲಿಸಿದರೂ ಏರಿತು.

"ಓಡಿದ್ರೆ ತಣ್ಣಗಿರ್ತದೆ, ನಿಂತ್ರೆ ಕುದೀತದೆ" ಎಂದಳು ಅಕ್ಕ. "ಓಡುವಾಗ ಗಾಳಿ ತಾನಾಗೇ ಬಂದು ಬಡೀತದೆ ಕಣೋ. ನಿಂತಾಗ ಫ್ಯಾನೇ ಎಳ್ಕೋಬೇಕು. ಇದಕ್ಕೆ ನೀರಿನ ರೋಗ ಅಲ್ಲ, ಗಾಳೀದು."

ಆಯಿಲ್ ಕಡ್ಡಿ ಎಳೆದು ನನಗೆ ತೋರಿಸಿದಳು. ಗ್ಯಾಸ್ಕೆಟ್ ಹೋಗಿ ನೀರು ಬೆರೆತಿದ್ದರೆ ಆಯಿಲ್ಲು ಕಾಫಿಯ ಬಣ್ಣಕ್ಕೆ ತಿರುಗುತ್ತದಂತೆ. ನಮ್ಮದು ಕಪ್ಪಗೇ ಇತ್ತು. ಆಮೇಲೆ ಒಳಗಿನಿಂದ ಒಂದು ಹಾಳೆ ಪೇಪರ್ ತಂದು ರೇಡಿಯೇಟರಿನ ಮುಂದೆ ಹಿಡಿದಳು. ಫ್ಯಾನು ಗಾಳಿ ಎಳೆಯುತ್ತಿದ್ದರೆ ಪೇಪರ್ ಗಪ್ಪನೆ ಅಂಟಿಕೊಳ್ಳಬೇಕು. ಅದು ಜಾರಿ ನೆಲಕ್ಕೆ ಬಿತ್ತು. ಬೆಲ್ಟು ಬಿಗಿಯಾಗಿತ್ತು, ಫ್ಯಾನು ಭರ್ರೆಂದು ತಿರುಗುತ್ತಿತ್ತು, ಆದರೂ ಪೇಪರ್ ನಿಲ್ಲಲಿಲ್ಲ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಅವಳು ತಲೆ ಒಳಗೆ ತೂರಿಸಿ ಬಹಳ ಹೊತ್ತು ನೋಡಿದಳು. ರೇಡಿಯೇಟರಿನ ಹಿಂಬದಿಯ ಚೌಕಟ್ಟಿನಲ್ಲಿ ನಾಲ್ಕು ಮೂಲೆಗೂ ಬೋಲ್ಟಿನ ತೂತುಗಳಿದ್ದವು. ಎಲ್ಲವೂ ಖಾಲಿ.

"ಅಪ್ಪಾ, ಇಲ್ಲಿ ಫ್ಯಾನಿನ ಸುತ್ತ ಏನಿತ್ತು?"

ಇಲ್ಲಿ ಅಪ್ಪನ ಒಂದು ಗುಣ ಹೇಳದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಸಾವಿಲ್ಲ. ಒಡೆದ ಬಕೆಟ್ಟು ಕೋಳಿಗೆ ಮನೆಯಾಗುತ್ತಿತ್ತು, ಸವೆದ ಟೈರು ಕರುವಿಗೆ ಬಾನಿಯಾಗುತ್ತಿತ್ತು. ನನ್ನ ಹಳೆಯ ಸ್ಲೇಟು ಎಷ್ಟೋ ಕಾಲ ಕೊಟ್ಟಿಗೆಯ ಕಿಟಕಿ ಮುಚ್ಚಿತ್ತು. ದಂಡವಾಗಲು ಬಿಡಬಾರದು ಎನ್ನುವುದು ಅಪ್ಪನಿಗೆ ಸಂಧ್ಯಾವಂದನೆಯಷ್ಟೇ ನಿಷ್ಠೆಯ ಕೆಲಸ. ಈ ಗುಣಕ್ಕೆ ಊರವರು ನಗುತ್ತಿದ್ದರು, ನನಗೇನೋ ಹೆಮ್ಮೆಯೇ.

ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದರು. "ಒಂದು ದುಂಡನೆ ತಗಡಿತ್ತು. ಬೆಲ್ಟ್ ಹಾಕುವಾಗ ಕೈಗೆ ಅಡ್ಡ ಬರ್ತದೆ ಅಂತ ತೆಗೆಸಿದ್ದೆ. ಬರೀ ತಗಡು ಕಣವ್ವಾ, ಅದರಿಂದ ಏನೂ ಓಡ್ತಿರ್ಲಿಲ್ಲ."

"ಈಗೆಲ್ಲಿದೆ?"

ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದರು. ನಾವು ಹಿಂಬಾಲಿಸಿದೆವು. ಬೇಲಿಯ ಪಕ್ಕದಲ್ಲಿ ಒಂದು ಎಳೆಯ ತೆಂಗಿನ ಮರ, ಅದರ ಬುಡದ ಸುತ್ತ ಬಳೆಯಂತೆ ಬಿಗಿದು ಕೂತ ತುಕ್ಕು ತಗಡು. ಮೇಕೆಗಳ ಬಾಯಿಂದ ಸಸಿಯನ್ನು ಉಳಿಸಲು ಅಪ್ಪ ಹಾಕಿದ ಬೇಲಿ ಅದು. ಸಸಿ ಬದುಕಿತು, ಬೆಳೆಯಿತು, ತಗಡನ್ನು ತುಂಬಿಕೊಂಡಿತು. ಇತ್ತ ಜೀಪು ಅಷ್ಟೂ ವರ್ಷ ಊರೂರಿನ ನೀರು ಕುಡಿಯಿತು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಬಗ್ಗಿ ತಗಡಿನ ಮೇಲೆ ಕೈಯಾಡಿಸಿದರು. "ಸುಮ್ನೆ ಬಿದ್ದಿರ್ತದಲ್ಲ ಅಂತ ಹಾಕ್ದೆ" ಎಂದರು. ಅಕ್ಕ ನಗು ನಿಲ್ಲಿಸಿ ಪಕ್ಕದಲ್ಲಿ ಕೂತಳು. ಆ ತಗಡು ಫ್ಯಾನಿನ ಸುತ್ತ ಕೊಳವೆಯಂತೆ ನಿಂತು, ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರುವಂತೆ ಮಾಡುತ್ತದೆಂದೂ, ಅದಿಲ್ಲದಿದ್ದರೆ ಫ್ಯಾನು ಸುತ್ತಮುತ್ತಲ ಬಿಸಿ ಗಾಳಿಯನ್ನೇ ಕಲಕುತ್ತದೆಂದೂ ಕೈಯಲ್ಲಿ ಆಕಾರ ಮಾಡಿ ವಿವರಿಸಿದಳು. ಅಪ್ಪ ಪೂರ್ತಿ ಕೇಳಿದರು. ಮಧ್ಯೆ ಎರಡು ಪ್ರಶ್ನೆಗಳನ್ನೂ ಕೇಳಿದರು. ಅಪ್ಪ ಮಗಳಿಂದ ಪಾಠ ಹೇಳಿಸಿಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಉಳಿ, ಸುತ್ತಿಗೆ ತಂದು ತಗಡನ್ನು ಅವರೇ ಕತ್ತರಿಸಿದರು, ಮರಕ್ಕೆ ಒಂದು ಗೀರೂ ಬೀಳದಂತೆ. "ಗಿಡ ದೊಡ್ಡದಾಯ್ತು. ಇನ್ನು ಬೇಲಿ ಬ್ಯಾಡ" ಎಂದರು. ಬೀರೂರಿನಲ್ಲಿ ವೆಲ್ಡಿಂಗ್ ಮಾಡಿಸಿ ಅದನ್ನು ಅದರ ಜಾಗಕ್ಕೆ ಕೂರಿಸಿದಾಗ ಪೇಪರ್ ರೇಡಿಯೇಟರಿಗೆ ಅಂಟಿಕೊಂಡು ಕಿತ್ತರೂ ಬರಲಿಲ್ಲ.

ಆದರೂ ಅಪ್ಪ ಒಪ್ಪಬೇಕಿತ್ತಲ್ಲ. ಮೊದಲ ದಿನ ಹಾಲು ತುಂಬಿಕೊಂಡು ಹೊರಟಾಗ ಅಕ್ಕನ ಪಕ್ಕದಲ್ಲಿ ಅವರು, ಹಿಂದೆ ಕ್ಯಾನುಗಳ ನಡುವೆ ನಾನು. ಕಾವಲಿನಲ್ಲಿ ಅಮೃತಮಹಲ್ ದನಗಳ ಹಿಂಡು ಅಡ್ಡ ಬಂತು. ಆ ದನಗಳು ಹಾರ್ನಿಗೆ ಜಗ್ಗುವಂಥವಲ್ಲ. ಕೊಂಬು ತೂಗಿಕೊಂಡು, ತಮ್ಮ ಮನೆಯ ಮೆರವಣಿಗೆ ಎನ್ನುವ ಹಾಗೆ ನಡೆಯುತ್ತವೆ. ಅವುಗಳ ಹಿಂದೆ ಫಸ್ಟ್ ಗೇರಿನಲ್ಲಿ ತೆವಳಿದೆವು. ಅಪ್ಪ ದಾರಿ ನೋಡಲಿಲ್ಲ, ಮುಳ್ಳನ್ನೇ ನೋಡುತ್ತಿದ್ದರು. ಅದು ಅಲ್ಲಾಡಲಿಲ್ಲ. ಮುಂದೆ ರೈಲ್ವೆ ಗೇಟು ಹಾಕಿತ್ತು. ಅಕ್ಕ ಅಭ್ಯಾಸಬಲದಿಂದ ಕೀಲಿಗೆ ಕೈ ಹಾಕಿದಳು.

"ಆಫ್ ಮಾಡ್ಬ್ಯಾಡ" ಎಂದರು ಅಪ್ಪ. "ಓಡ್ತಾ ಇರ್ಲಿ. ಜನ ನೋಡ್ಲಿ."

ಗೂಡ್ಸ್ ಗಾಡಿ ಹೋಗಿ, ಎದುರಿನ ಇನ್ನೊಂದು ರೈಲೂ ಹೋಗುವವರೆಗೆ ಜೀಪು ಗುಡುಗುಡು ಎನ್ನುತ್ತಲೇ ನಿಂತಿತ್ತು. ಒಂದೆಳೆ ಆವಿಯೂ ಇಲ್ಲ. ಗೇಟು ತೆರೆದಾಗ ಅಪ್ಪ ಇಳಿದುಬಿಟ್ಟರು. ನನ್ನನ್ನೂ ಇಳಿ ಎಂದರು. "ಹಾಲು ಕೆಡ್ತದೆ, ನೀ ಹೋಗವ್ವಾ. ನಾವು ಬಸ್ಸಿಗೆ ಬತ್ತೀವಿ." ಜೀಪು ಹಳಿ ದಾಟಿ ಕಣ್ಮರೆಯಾಗುವವರೆಗೆ ಅವರು ರಸ್ತೆಯಲ್ಲೇ ನಿಂತಿದ್ದರು. ಆಮೇಲೆ ಪಕ್ಕದ ಅಂಗಡಿಯವನಿಗೆ, ಅವನು ಏನೂ ಕೇಳದಿದ್ದರೂ, "ನನ್ನ ಮಗಳು" ಎಂದರು. ಅವತ್ತಿನಷ್ಟು ಹೆಮ್ಮೆ ನನ್ನ ಡಿಗ್ರಿ ಬಂದ ದಿನವೂ ಆಗಿರಲಿಲ್ಲ.

ತರೀಕೆರೆಯ ಜೀಪಿನ ಸುತ್ತ ಮಾತು ಇನ್ನೂ ನಡೆದಿತ್ತು. ಇಂಥ ಗುಂಪುಗಳಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟವನಲ್ಲ. ಮೊನ್ನೆ ಮಾತ್ರ, ಅಕ್ಕ ಆಮೇಲೆ ಕಲಿಸಿದ್ದೆಲ್ಲ ನೆನಪಾಗಿ, ಮುಂದೆ ಸರಿದು ಡ್ರೈವರನನ್ನು ಕೇಳಿದೆ: "ನಿಧಾನಕ್ಕೆ ಹೋದ್ರೆ ಕುದಿಯುತ್ತೋ, ಜೋರಾಗಿ ಹೋದ್ರೋ?"

"ಜೋರಾಗಿ ಹೋದ್ರೇ ಸಾರ್. ಊರೊಳಗೆ ಏನೂ ಆಗಲ್ಲ."

"ಹಾಗಾದ್ರೆ ಗಾಳೀದಲ್ಲಪ್ಪ, ನೀರಿಂದು. ರೇಡಿಯೇಟರ್ ಒಳಗೆ ಕಟ್ಕೊಂಡಿರ್ಬೇಕು. ಇಲ್ಲ, ನೀರು ಹೋಗೋ ಕೆಳಗಿನ ರಬ್ಬರ್ ಹೋಸು ಮೆತ್ತಗಾಗಿ ಒಳಕ್ಕೆ ಮುಚ್ಕೊಳ್ತಿರ್ಬೇಕು. ತಣ್ಣಗಾದ ಮೇಲೆ ಹಿಸುಕಿ ನೋಡು."

ಸ್ವಲ್ಪ ಹೊತ್ತಿನ ಮೇಲೆ ಅವನು ಬಗ್ಗಿ ಹಿಸುಕಿದ. ಹೋಸು ಹಳೆಯ ಬಟ್ಟೆಯ ಹಾಗೆ ಮುದುಡಿತು. ಗುಂಪು ನನ್ನ ಕಡೆ ತಿರುಗಿತು.

"ಮೆಕ್ಯಾನಿಕ್ಕಾ ಸಾರ್ ತಾವು?"

"ಅಲ್ಲಪ್ಪ. ಎಮ್ಮೆದೊಡ್ಡಿ ಕಡೆ ಹಾಲಿನ ಗಾಡಿ ಓಡಿಸ್ತಾರಲ್ಲ ಗಿರಿಜಮ್ಮ, ಅವರ ತಮ್ಮ" ಎಂದೆ, ಬೇಕಾದದ್ದಕ್ಕಿಂತ ತುಸು ಜೋರಾಗಿಯೇ.